ಮಾವ ಅಳಿಯರ ಟ್ರೈಲರ್

ಬಸ್ಸುಗಳಿಗೆ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ತಗಡು ಬಡಿದೂ ಬಡಿದೂ ಮಾವನ ಎಡಗಿವಿ ಮಂದವಾಗಿತ್ತು. ನಿವೃತ್ತಿಯಾದ ಮೇಲೆ ಹೊತ್ತು ಕಳೆಯುವುದೇ ದೊಡ್ಡ ಕಷ್ಟವಾಯಿತು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಒಬ್ಬಳೇ ಮಗಳು ಮದುವೆಯಾಗಿ ಊರಿನ ಇನ್ನೊಂದು ತುದಿಯಲ್ಲಿದ್ದಳು. ಹೀಗಿರುವಾಗ ಒಂದು ದಿನ ಅಳಿಯ, ಹಣ್ಣಿನ ಪೆಟ್ಟಿಗೆ ಸಾಗಿಸುತ್ತಿದ್ದ ಹಳೆಯ ಟ್ರೈಲರೊಂದನ್ನು ತನ್ನ ಜೀಪಿಗೆ ಕಟ್ಟಿಕೊಂಡು ಬಂದು ಮಾವನ ಅಂಗಳದಲ್ಲಿ ನಿಲ್ಲಿಸಿದ.

"ಮಾವ, ಇದನ್ನ ಒಂದು ಪುಟ್ಟ ಮನೆ ಮಾಡೋಣ್ವಾ? ಮಲಗೋದು, ಅಡುಗೆ ಎಲ್ಲ ಇದರಲ್ಲೇ. ಎಲ್ಲಿಗೆ ಬೇಕಾದ್ರೂ ಎಳ್ಕೊಂಡು ಹೋಗ್ಬಹುದು."

ಮಾವ ಟ್ರೈಲರಿಗೆ ಒಂದು ಸುತ್ತು ಹಾಕಿದರು. ತಳದ ತುಕ್ಕನ್ನು ಉಗುರಿನಿಂದ ಕೆರೆದು ನೋಡಿ, "ಮೂಳೆ ಗಟ್ಟಿ ಇದೆ. ಚರ್ಮ ನಾನು ಹೊದಿಸ್ತೀನಿ," ಎಂದರು.

ಅಲ್ಲಿಂದ ಭಾನುವಾರಗಳೆಲ್ಲ ಆ ಟ್ರೈಲರಿನವೇ. ಅಳಿಯ ಕರೆಂಟ್ ಕೆಲಸದವನು. ಬ್ಯಾಟರಿ, ದೀಪ, ಫ್ಯಾನು ಅವನ ಪಾಲು. ತಗಡು, ಕಿಟಕಿ, ಬಾಗಿಲು ಮಾವನ ಪಾಲು. ಕಾಗದದ ಮೇಲೆ ಬರೆದರೆ ಅಂದಾಜು ಸಿಗುವುದಿಲ್ಲವೆಂದು ಅಂಗಳದ ಸಿಮೆಂಟಿನ ಮೇಲೆ ಸೀಮೆಸುಣ್ಣದಲ್ಲಿ ಇಡೀ ಟ್ರೈಲರನ್ನು ನಿಜವಾದ ಅಳತೆಗೇ ಬರೆದರು. ಇಲ್ಲಿ ಒಲೆ, ಇಲ್ಲಿ ನೀರಿನ ಕ್ಯಾನು, ಇಲ್ಲಿ ಮಡಚಿದರೆ ಮೇಜಾಗುವ ಮಂಚ. ಉದ್ದಾಳು ಅಳಿಯ ಗೆರೆಯೊಳಗೆ ಮಲಗಿ ನೋಡಿದರೆ ಕಾಲು ಒಲೆಯ ಮೇಲೆ ಹೋಗುತ್ತಿತ್ತು. "ಕಾಲು ಬೇಯಿಸ್ಕೊಳ್ಳೋ ಪ್ಲಾನಾ?" ಎಂದು ಮಾವ ನಗುತ್ತಿದ್ದರು. ಮಂಚ ಉದ್ದವಾದರೆ ಬಾಗಿಲು ಕಿರಿದಾಗುತ್ತಿತ್ತು. ಬಾಗಿಲು ಸರಿಯಾದರೆ ನೀರಿಗೆ ಜಾಗವಿಲ್ಲ. ಅಳಿಸುವುದು, ಮತ್ತೆ ಬರೆಯುವುದು. ತಿಂಗಳುಗಟ್ಟಲೆ ಹೀಗೇ ನಡೆಯಿತು. ನಿಜ ಹೇಳಬೇಕೆಂದರೆ ಇಬ್ಬರಿಗೂ ಕೆಲಸ ಮುಗಿಸುವ ಅವಸರವೇ ಇರಲಿಲ್ಲ.

ಮೊದಮೊದಲು ಮಗಳೂ ಜೊತೆಗೆ ಬರುತ್ತಿದ್ದಳು. ಒಮ್ಮೆ ಗೆರೆಗಳ ನಡುವೆ ನಿಂತು, "ಇದರಲ್ಲಿ ನಾನೆಲ್ಲಿ ಮಲಗೋದು?" ಎಂದು ಕೇಳಿದಳು.

"ನಿನಗೆ ಬಸ್ಸು ಹತ್ತಿದ್ರೇ ವಾಂತಿ. ಇದೆಲ್ಲ ನಿನಗ್ಯಾಕಮ್ಮ? ಹೋಗಿ ಎರಡು ಟೀ ಮಾಡ್ಕೊಂಡು ಬಾ," ಎಂದರು ಅಪ್ಪ.

ಅಳಿಯ ನಕ್ಕ. ಅವಳೂ ನಕ್ಕು ಟೀ ತಂದುಕೊಟ್ಟಳು. ಆಮೇಲೆ ಬರುವುದು ಕಡಿಮೆಯಾಯಿತು. ಅದು ಇಬ್ಬರ ಗಮನಕ್ಕೂ ಬರಲಿಲ್ಲ.

ಒಂದು ಬೆಳಿಗ್ಗೆ ಅವಳು ಸೂಟ್‌ಕೇಸ್ ಹಿಡಿದು ಅಪ್ಪನ ಮನೆ ಬಾಗಿಲಲ್ಲಿ ನಿಂತಿದ್ದಳು.

"ಜಗಳ ಆಯ್ತಾ?"

"ಜಗಳ ಆಡೋಕೂ ಮಾತು ಬೇಕಲ್ಲಪ್ಪ. ವಾರವೆಲ್ಲ ಅವನಿಗೆ ಕೆಲಸ. ಭಾನುವಾರ ನಿನ್ನ ಜೊತೆ. ಇಲ್ಲಿ ಅಷ್ಟು ಹರಟ್ತಾನಲ್ಲ, ಮನೇಲಿ ಉಪ್ಪು ಬೇಕಾದ್ರೂ ಬೆರಳು ತೋರಿಸ್ತಾನೆ. ಎಷ್ಟೋ ಸಲ ಹೇಳಿ ನೋಡಿದೆ. ಸಾಕಾಯ್ತು."

ಆ ಮಾತಿನಲ್ಲಿ ತಮ್ಮ ಪಾಲೂ ಇದೆ ಎಂಬುದು ಅವರಿಗೆ ಚುಚ್ಚಿತು. ಅದನ್ನು ತಡೆದುಕೊಳ್ಳಲಾರದೆ ಸಿಟ್ಟನ್ನೆಲ್ಲ ಅಳಿಯನ ಮೇಲೆ ತಿರುಗಿಸಿದರು. ಭಾನುವಾರ ಅವನು ಬಂದಾಗ ಗೇಟಿನ ಚಿಲಕ ತೆಗೆಯಲಿಲ್ಲ.

"ಮಾವ, ಅವಳ ಹತ್ರ ಒಂದು ಮಾತು..."

"ಯಾರಿಗೆ ಯಾರೋ ಮಾವ? ನನ್ನ ಮಗಳ ಬಾಳು ಹಾಳು ಮಾಡಿ ಈಗ ಮಾತಾಡೋಕೆ ಬಂದ್ಯಾ? ಇನ್ನೊಂದ್ಸಲ ಈ ಕಡೆ ತಲೆ ಹಾಕಿದ್ರೆ ಚೆನ್ನಾಗಿರಲ್ಲ!"

ಎದುರು ಮನೆಯವರು ಕಿಟಕಿಯಿಂದ ಇಣುಕಿದರು. ಅವನ ಮುಖ ಸಣ್ಣಗಾಯಿತು. ಅಂಗಳದಲ್ಲಿದ್ದ ತನ್ನ ಡ್ರಿಲ್ಲನ್ನೂ ಕೇಳದೆ ಹೊರಟುಹೋದ.

ಒಳಗಿಂದ ಬಂದ ಮಗಳು, "ನಾನು ಮಾತಾಡ್ತಿದ್ದೆನೋ ಏನೋ. ನನ್ನನ್ನೊಂದು ಮಾತು ಕೇಳಬಾರದಿತ್ತಾ?" ಎಂದಳು.

ಗಂಡ ಹೆಂಡತಿ ಬೇರೆಯಾದರು. ಮಗಳು ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ ನಿಧಾನವಾಗಿ ಸುಧಾರಿಸಿಕೊಂಡಳು. ಸುಧಾರಿಸಿಕೊಳ್ಳದವರು ಅಪ್ಪ. ಟ್ರೈಲರನ್ನು ಐಸ್‌ಕ್ರೀಂ ಮಾರುವವನಿಗೆ ಕೊಟ್ಟು ಅಂಗಳ ಬರಿದು ಮಾಡಿಕೊಂಡರು. ಕೂತರೂ ನಿಂತರೂ ಅಳಿಯನ ನೆನಪು. ಅವರಿಗೆ ಮಾತು ಕೇಳಿಸದಿದ್ದರೆ ಉಳಿದವರೆಲ್ಲ ದನಿ ಏರಿಸುತ್ತಿದ್ದರು. ಅವನೊಬ್ಬನೇ ಸದ್ದಿಲ್ಲದೆ ಎದ್ದು ಬಂದು ಅವರ ಬಲಗಡೆ ಕೂರುತ್ತಿದ್ದ. ಎಷ್ಟೋ ಸಲ ಫೋನು ಕೈಗೆತ್ತಿಕೊಂಡರು. ಯಾವ ಮುಖ ಇಟ್ಟುಕೊಂಡು ಮಾತಾಡುವುದು ಎಂದು ಕೆಳಗಿಟ್ಟರು.

ಹೀಗೇ ವರ್ಷಗಳು ಕಳೆದ ಮೇಲೆ, ಮೊನ್ನೆ ಹಾರ್ಡ್‌ವೇರ್ ಅಂಗಡಿಯಲ್ಲಿ ಅವನು ಎದುರಾದ. ಕೈಯಲ್ಲಿ ವೈರಿನ ಸುರುಳಿ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ತಪ್ಪಿಸಿಕೊಳ್ಳಲು ಇಬ್ಬರಿಗೂ ಜಾಗವಿರಲಿಲ್ಲ.

"ಕಿವಿ ಹೇಗಿದೆ ಈಗ?" ಎಂದು ಅವನೇ ಕೇಳಿದ.

"ಹಾಗೇ ಇದೆ... ಟ್ರೈಲರ್ ಕೊಟ್ಟುಬಿಟ್ಟೆ."

"ಒಳ್ಳೇದಾಯ್ತು ಬಿಡಿ. ಸುಮ್ನೆ ತುಕ್ಕು ಹಿಡೀತಿತ್ತು."

ಅಂದು ಗೇಟಿನಲ್ಲಿ ಆಡಿದ್ದು ತಪ್ಪಾಯಿತು ಎಂಬ ಮಾತು ಅವರ ಗಂಟಲವರೆಗೂ ಬಂತು. ಅಷ್ಟರಲ್ಲಿ ಅಂಗಡಿಯವನು ಅಳಿಯನ ಮುಂದೆ ಬಿಲ್ ಚಾಚಿದ. ಅಳಿಯ ದುಡ್ಡು ಕೊಟ್ಟು, ತಲೆ ಬಾಗಿಸಿ ಹೊರಟ.

ಸಂಜೆ ಬಟ್ಟೆ ಮಡಚುತ್ತಿದ್ದ ಮಗಳಿಗೆ, "ಅವನು ಸಿಕ್ಕಿದ್ದ," ಎಂದರು.

ಅವಳ ಕೈ ಒಂದು ಗಳಿಗೆ ನಿಂತಿತು. "ಹೇಗಿದ್ದಾನೆ?"

"ಕೇಳೋಕೇ ತೋಚಲಿಲ್ಲಮ್ಮ," ಎಂದರು ಅವರು.

ಮಗಳು ಇನ್ನೊಂದು ಅಂಗಿ ಎತ್ತಿಕೊಂಡಳು.