ಕಾಲ್ಗುಣದ ಬಾವಿ

ನಾನು ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದ ಹೊಸದರಲ್ಲೇ ಗಂಡನ ಮನೆಯ ಹಿತ್ತಲಿನ ಬಾವಿಗೆ ನೀರು ಬಂತು. ಎಷ್ಟೋ ಕಾಲದಿಂದ ಒಣಗಿ, ಒಡೆದ ಮಡಕೆ, ಹರಿದ ಚಪ್ಪಲಿ ಬಿಸಾಡುವ ಗುಂಡಿಯಾಗಿತ್ತಂತೆ ಅದು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬೇಸಿಗೆ ಬೇರೆ, ಬೀದಿ ನಲ್ಲಿಯ ಮುಂದೆ ಕೊಡಗಳ ಸಾಲು, ಜುಟ್ಟು ಹಿಡಿದು ಜಗಳ. ಅಂಥಾದ್ದರಲ್ಲಿ ನಮ್ಮ ಬಾವಿಯಲ್ಲಿ ನೀರು! ಅತ್ತೆ ಬಾವಿಯ ಕಸ ತೆಗೆಸಿ, ಗಂಗೆಪೂಜೆ ಮಾಡಿ, ಬೀದಿಗೆಲ್ಲ ಹೇಳಿಕೊಂಡು ಬಂದರು.

"ನಮ್ ಸೊಸೆ ಕಾಲ್ಗುಣ ಕಣಮ್ಮಾ. ಹೊಸ್ಲು ತುಳಿದ್ಲು, ಗಂಗಮ್ಮ ಎದ್ದು ಬಂದ್ಬಿಟ್ಲು."

ನಲ್ಲೂರಿನ ಹುಣಸೆ ತೋಪಿನಲ್ಲಿ ಓಡಾಡಿಕೊಂಡಿದ್ದ ನನ್ನ ಕಾಲಿಗೆ ಅಂಥ ಗುಣವೇನೂ ಇರಲಿಲ್ಲ. ಇದ್ದದ್ದು ಒಂದು ಆಣಿ ಮಾತ್ರ. ಆದರೂ ಹೊಗಳಿದರೆ ಯಾರಿಗೆ ಬೇಡ? ನೀರು ಸೇದಲು ಬರುವ ಹೆಂಗಸರೆಲ್ಲ ನನ್ನ ಮುಖ ನೋಡಿ ನಗುತ್ತಿದ್ದರು. ಎದುರುಮನೆಯಾಕೆ ಹೊಸ ಮಗ್ಗ ಕೂರಿಸಿದ ದಿನ ನನ್ನನ್ನು ಕರೆದೊಯ್ದು, ಎಲ್ಲರಿಗಿಂತ ಮೊದಲು ನನ್ನ ಬಲಗಾಲನ್ನೇ ಒಳಗಿಡಿಸಿದಳು.

ಹೆದರಿಕೆ ಶುರುವಾದದ್ದು ವಾಸನೆಯಿಂದ. ಒಂದು ಬೆಳಗ್ಗೆ ಸೇದಿದ ನೀರಿಗೆ ಬ್ಲೀಚಿಂಗ್ ಪುಡಿಯ ಘಾಟಿತ್ತು. ಅದು ಪುರಸಭೆಯವರು ತಮ್ಮ ಟ್ಯಾಂಕಿಗೆ ಹಾಕುವ ಪುಡಿ. ನಮ್ಮ ಬಾವಿಗೆ ಹಾಕಿದವರು ಯಾರು? ಆಮೇಲೆ ಕಣ್ಣಿಟ್ಟು ನೋಡಿದೆ. ಬೀದಿ ನಲ್ಲಿಗೆ ನೀರು ಬಿಟ್ಟ ದಿನ ಬಾವಿಯ ನೀರು ಏರುತ್ತಿತ್ತು, ಬಿಡದ ದಿನ ಇಳಿಯುತ್ತಿತ್ತು. ಗಂಗಮ್ಮ ಪುರಸಭೆಯವರನ್ನು ಕೇಳಿಕೊಂಡು ಬರುವವಳಲ್ಲ ಎಂದು ತಿಳಿಯುವಷ್ಟು ಬುದ್ಧಿ ನನಗೂ ಇತ್ತು. ಎಲ್ಲೋ ಪೈಪು ಒಡೆದು, ನೀರು ನೆಲದೊಳಗೇ ಹರಿದು ನಮ್ಮ ಬಾವಿ ಸೇರುತ್ತಿತ್ತು. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಬಿಡುವುದು ಹೇಗೆ? ಹಿಂದಿನ ಬೀದಿಗೂ ಒಬ್ಬ ಸೊಸೆ ಬಂದಿದ್ದಳು. ಅವಳು ಬಂದ ಹೊಸದರಲ್ಲಿ ಆ ಮನೆಯ ಮಗ್ಗಗಳಿಗೆ ಬೆಂಕಿ ಬಿತ್ತು. ವೈರು ಸುಟ್ಟದ್ದು ಊರಿಗೇ ಗೊತ್ತಿತ್ತು. ಆದರೂ ಕಾಲ್ಗುಣ ಸರಿಯಿಲ್ಲವೆಂದು ಅವಳನ್ನು ತವರಿಗೆ ಅಟ್ಟಿದರು. ಮತ್ತೆ ಕರೆಸಿಕೊಳ್ಳಲೇ ಇಲ್ಲ. ನೀರು ಬಂದದ್ದು ನನ್ನ ಕಾಲಿನಿಂದಾದರೆ, ಹೋಗುವುದೂ ನನ್ನ ಕಾಲಿನಿಂದಲೇ ಅಲ್ಲವೇ? ದಿನವೂ ಬೆಳಗಾದರೆ ಮುಖ ತೊಳೆಯುವ ಮೊದಲು ಬಾವಿಗೆ ಬಗ್ಗಿ ನೋಡುತ್ತಿದ್ದೆ. ನೀರು ಕಂಡ ಮೇಲೇ ಉಸಿರು.

ಅಷ್ಟರಲ್ಲಿ ಬಾಶೆಟ್ಟಿಹಳ್ಳಿಯ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದ ನನ್ನ ಗಂಡ ಊಟಕ್ಕೆ ಕೂತು ಸುದ್ದಿ ಹೇಳಿದರು. "ಪುರಸಭೆಯೋರೂ ಬೆಂಗ್ಳೂರಿನ ಯಾವ್ದೋ ಪ್ರೈವೇಟ್ ಕಂಪನಿಯೋರೂ ಸೇರ್ಕೊಂಡು ಲೀಕು ಹಿಡೀತಾರಂತೆ. ಪೈಪು ಇವ್ರದು, ಮಿಷಿನ್ನೂ ಜನಾನೂ ಅವ್ರದು. ನೀರು ಉಳಿಸಿದಷ್ಟೂ ಕಂಪನಿಗೆ ಲಾಭ. ಒಂದ್ ತೊಟ್ಟೂ ಬಿಡಲ್ವಂತೆ ನೋಡು!"

ಅವರಿಗೆ ಖುಷಿಯೋ ಖುಷಿ. ನಾನು ಮುದ್ದೆ ಅಲ್ಲೇ ಬಿಟ್ಟು ಹಿತ್ತಲಿಗೆ ಹೋಗಿ ಬಾವಿಗೆ ಬಗ್ಗಿ ನೋಡಿದೆ.

ಕಂಪನಿಯವರು ಬಂದೇ ಬಂದರು. ಅವರ ಮುಖ್ಯಸ್ಥ ಇನ್ನೂ ಮೀಸೆ ಸರಿಯಾಗಿ ಬಲಿಯದ ಎಂಜಿನಿಯರು. ಕಬ್ಬಿಣದ ಸರಳೊಂದನ್ನು ರಸ್ತೆಗೆ ಊರಿ, ಅದರ ತುದಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ ಕೇಳುತ್ತಿದ್ದ. ನೆಲದೊಳಗೆ ನೀರು ಸೋರುವ ಸದ್ದು ಅದರಲ್ಲಿ ಕೇಳಿಸುತ್ತದಂತೆ. ಆ ಸರಳು ಒಂದೊಂದೇ ಮನೆ ದಾಟಿ ನಮ್ಮ ಕಡೆ ಬರುತ್ತಿತ್ತು. ನಾನು ಕಿಟಕಿಯ ಹಿಂದೆ ನಿಂತು ಶಿವಗಂಗೆಯ ದೇವರಿಗೆ ಹರಕೆ ಹೊತ್ತೆ: ಇವನ ಕಿವಿ ಕೆಪ್ಪಾಗಲಿ, ಬೆಟ್ಟ ಹತ್ತಿ ಬಂದು ಹಣ್ಣುಕಾಯಿ ಮಾಡಿಸುತ್ತೇನೆ.

ದೇವರು ಕೇಳಲಿಲ್ಲ. ಎಂಜಿನಿಯರು ನಮ್ಮ ಬಾಗಿಲಲ್ಲಿ ನಿಂತು, "ಅಮ್ಮಾ, ಮನೇಲಿ ಬಾವಿ ಇದ್ಯಾ?" ಎಂದ. ಅತ್ತೆ ಹೆಮ್ಮೆಯಿಂದ ಹಿತ್ತಲಿಗೆ ಕರೆದೊಯ್ದರು. ಅವನು ಬಾವಿಯ ನೀರನ್ನು ಗಾಜಿನ ಕೊಳವೆಗೆ ತುಂಬಿ ಏನೋ ಔಷಧಿಯ ಹನಿ ಬಿಟ್ಟ. ನೀರು ಅರಿಶಿನದ ಬಣ್ಣಕ್ಕೆ ತಿರುಗಿತು.

"ಇದು ಬಾವಿ ನೀರಲ್ಲಮ್ಮ. ಬ್ಲೀಚಿಂಗ್ ಇದೆ, ನಲ್ಲಿ ನೀರು. ಮೂಲೆ ಹತ್ರ ದೊಡ್ಡ ಪೈಪು ಒಡೆದಿದೆ, ಅದು ಇಲ್ಲಿಗೆ ಬರ್ತಿದೆ."

"ಏನಪ್ಪಾ, ನಮ್ಮನೆ ಗಂಗಮ್ಮನ್ನ ಲೀಕು ಅಂತೀಯಾ?" ಎಂದು ಅತ್ತೆ ರೇಗಿದರು. ಅವನನ್ನು ಬೈದು ಕಳಿಸಿ, ನನ್ನ ಮುಖವನ್ನೂ ನೋಡದೆ ಒಳಗೆ ಹೋದರು. ನನ್ನನ್ನೂ ಬೈದಿದ್ದರೆ ವಾಸಿಯಿತ್ತು.

ಮಾರನೆಯ ದಿನ ಮೂಲೆಯಲ್ಲಿ ರಸ್ತೆ ಅಗೆದು ಪೈಪು ಬದಲಾಯಿಸಿದರು. ಬೀದಿ ನಲ್ಲಿಯಲ್ಲಿ ನೀರು ಜೋರಾಯಿತು, ಎಲ್ಲರ ಬಾಯಲ್ಲೂ ಕಂಪನಿಯ ಗುಣಗಾನ. ನಮ್ಮ ಬಾವಿ ಇಳಿಯುತ್ತಾ ಹೋಯಿತು. ಎದುರುಮನೆಯಾಕೆ ಅರ್ಧ ತುಂಬಿದ ಕೊಡ ಹಿಡಿದು ಹಿಂದಿರುಗುವಾಗ, "ಬಂದಂಗೇ ಹೋಗ್ತೈತಲ್ಲಮ್ಮ, ಇನ್ನೇನ್ ಕಾದೈತೋ ಈ ಮನೆಗೆ," ಎಂದು ನನಗೆ ಕೇಳುವಂತೆಯೇ ಹೇಳಿದಳು. ತವರಿನಿಂದ ತಂದ ಟ್ರಂಕನ್ನು ಅಂದು ಸುಮ್ಮನೆ ತೆರೆದು, ಸೀರೆಗಳನ್ನು ಮುಟ್ಟಿ, ಮುಚ್ಚಿದೆ.

ಒಂದು ಬೆಳಗ್ಗೆ ಬಿಂದಿಗೆ ಬಿಟ್ಟರೆ ತಳದಲ್ಲಿ ಕೆಸರಿಗೆ ಬಡಿದ ಸದ್ದು. ಹಗ್ಗ ಹಿಡಿದುಕೊಂಡು ಹಾಗೇ ನಿಂತೆ. ಹಿಂದೆ ಅತ್ತೆ ಬಂದರು. ಬಗ್ಗಿ ನೋಡಿದರು. ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡೆ. ಆದರೆ ಅವರು ಕಟ್ಟೆಯ ಮೇಲೆ ಕುಸಿದು ಕೂತರು.

"ನಾನು ಸೊಸೆಯಾಗಿ ಬಂದಾಗ ಇದು ತುಂಬಿತ್ತು ಕಣಮ್ಮ," ಎಂದರು. "ಯುಗಾದಿ ಹೊತ್ಗೆ ಬತ್ತೋಯ್ತು. ನಮ್ಮತ್ತೆ ಸಾಯೋಗಂಟ ನನ್ನನ್ನ ಬಾವಿ ತಿನ್ನೋಳು ಅಂದ್ರು. ಯಾವ ಮದ್ವೇಲೂ ನನ್ ಕೈಗೆ ಆರತಿ ತಟ್ಟೆ ಕೊಡ್ಲಿಲ್ಲ. ನೀನು ಬಂದು ನೀರು ಬಂದಾಗ, ಅಬ್ಬಾ, ನನ್ ದೋಷ ಕಳೀತು ಅಂದ್ಕೊಂಡೆ."

ನನ್ನ ಹೆದರಿಕೆಯನ್ನು ಈ ಹೆಂಗಸು ತಲೆ ನರೆಯುವವರೆಗೆ ಹೊತ್ತಿದ್ದಳು! ನನಗೆ ಅಳು ಬಂತು. ಅತ್ತೆ ಅಳಲಿಲ್ಲ. ನನ್ನ ಮುಂಗೈ ಹಿಡಿದು ಸೀದಾ ಬೀದಿಗೆ ಎಳೆದುಕೊಂಡು ಹೋದರು. ಎಂಜಿನಿಯರು ಮೂಲೆಯಲ್ಲಿ ಅಗೆದ ಮಣ್ಣು ಮುಚ್ಚಿಸುತ್ತಿದ್ದ.

"ಏನಪ್ಪಾ, ಹಿಂದೆ ನಮ್ ಬಾವಿ ಬತ್ತಿತ್ತಲ್ಲ, ಅದೂ ಪೈಪಿಂದ್ಲೇನಾ?"

"ಅವಾಗ ಪೈಪೇ ಇರ್ಲಿಲ್ವೇನೋ ಅಮ್ಮಾ. ಮಳೆ ಕಮ್ಮಿ ಆಗಿರ್ಬೇಕು. ನಂಗೆ ಗೊತ್ತಿಲ್ಲ."

"ಹೆಂಗಸ್ರ ಕಾಲಿಂದ ಬತ್ತುತ್ತಾ?"

ಅವನು ನಕ್ಕ. ಅತ್ತೆಯ ಮುಖ ನೋಡಿ ನಗು ನಿಲ್ಲಿಸಿದ. "ಇಲ್ಲಮ್ಮ. ಯಾರ ಕಾಲಿಂದ್ಲೂ ಬತ್ತಲ್ಲ."

ಎದುರುಮನೆಯ ಬಾಗಿಲು ತೆರೆದೇ ಇತ್ತು, ಒಳಗೆ ಮಗ್ಗ ಓಡುತ್ತಿತ್ತು. ಅತ್ತೆ ನನ್ನ ಮುಂಗೈ ಬಿಡದೆ ಆ ಬಾಗಿಲ ಕಡೆ ತಿರುಗಿದರು.

"ಮಗ್ಗದ ಸದ್ದಲ್ಲಿ ಅವ್ಳಿಗೆ ಕೇಳಿಸಲ್ಲ," ಎಂದರು. "ಇನ್ನೊಂದ್ಸಲ ಹೇಳಪ್ಪಾ, ಜೋರಾಗಿ."