ಯಾರ ಜಂಪರ್ ಖರೇ ಜಂಪರ್?

ಜಂಪರ್ ಅಂದರೇನು ಅಂತ ನಮ್ಮ ಕಡೆಯ ಯಾವ ಹೆಣ್ಣುಮಗಳನ್ನು ಕೇಳಿದರೂ ಥಟ್ಟನೆ ಹೇಳುತ್ತಾಳೆ: ಸೀರೆಯ ಜೊತೆ ತೊಡುವ ಕುಪ್ಪಸ. ಆದರೆ ಬನಹಟ್ಟಿಯ ಸೈಕಲ್ ರಿಪೇರಿ ಗಿರಮಲ್ಲಪ್ಪನನ್ನು ಕೇಳಿ ನೋಡಿ! ಗುಡ್ಡ ಹತ್ತಿಸುವ ಸೈಕಲ್ಲಿಗೆ ಮುಂದೆ ಎರಡು ಕೊಳವೆಯ ಫೋರ್ಕು ಇರುತ್ತದಲ್ಲ, ತಗ್ಗಿಗೆ ಬಿದ್ದರೆ ಕುಸಿದು ಮತ್ತೆ ಏಳುತ್ತದಲ್ಲ, ಅವನಿಗೆ ಅದೇ ಜಂಪರ್. “ಜಂಪ್ ಮಾಡೂದು ಅದು. ಕುಪ್ಪಸ ಎಲ್ಲಿ ಜಂಪ್ ಮಾಡತೈತಿ?” ಎಂದು ವಾದಕ್ಕೇ ನಿಲ್ಲುತ್ತಾನೆ. ಬೇರೆಲ್ಲಾದರೂ ಈ ವಾದ ನಡೆಯುತ್ತಿತ್ತೇನೋ. ಪುಣ್ಯಾತ್ಮನ ಹೆಂಡತಿ ಯಲ್ಲಕ್ಕ ಜಂಪರ್ ಹೊಲಿಯುವವಳು, ಅದೂ ಅದೇ ಅಂಗಡಿಯಲ್ಲಿ ಕೂತು.

ಅಂಗಡಿ ಅಂದರೆ ಒಂದೇ ಖೋಲಿ. ಎಡಕ್ಕೆ ಅವಳ ಮಷೀನು, ಬಲಕ್ಕೆ ಇವನ ಕಬ್ಬಿಣ. ಹೊರಗೆ ಇವನೇ ಬರೆದ ಬೋರ್ಡು: “ಹಳೇ ಜಂಪರ್ ಹೊಸದು ಮಾಡಿ ಕೊಡಲಾಗುವುದು.” ಅದನ್ನು ನಂಬಿ ರಬಕವಿಯ ಹಣಮವ್ವ ಎಂಬ ಮುದುಕಿ ತನ್ನ ಲಗ್ನದ ಕುಪ್ಪಸ ತಂದು ನೇರ ಇವನ ಕೈಗೇ ಕೊಟ್ಟಿದ್ದಳು. “ತೋಳು ಬಿಗಿ ಆಗ್ಯಾವಪಾ, ಸಡ್ಲ ಮಾಡು.” ಗಿರಮಲ್ಲಪ್ಪ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದು ಕಣ್ಣು ಬಿಟ್ಟುಕೊಂಡು ನಿಂತಿದ್ದ.

ಕೆಲಸದಲ್ಲಿ ಮಾತ್ರ ಮನುಷ್ಯನನ್ನು ಅನ್ನುವ ಹಾಗಿಲ್ಲ. ಯಾವುದೋ ದೇಶದಲ್ಲಿ ಹುಟ್ಟಿ, ಪುಣೆ, ಕೊಲ್ಹಾಪುರದ ಗುಜರಿಯಲ್ಲಿ ಬಿದ್ದಿದ್ದ ಹಳೆಯ ಫೋರ್ಕುಗಳು ಅವನ ಹತ್ತಿರ ಬರುತ್ತವೆ. ಬಿಚ್ಚಿದರೆ ಒಳಗಿನ ರಬ್ಬರೆಲ್ಲ ಕರಗಿ ಬೆಲ್ಲದ ಪಾಕವಾಗಿರುತ್ತದೆ. ಅದನ್ನು ಸೀಮೆಎಣ್ಣೆ ಹಾಕಿ ಕೆರೆದು, ಮಗ್ಗದಲ್ಲಿ ಲಾಳಿಯ ಪೆಟ್ಟು ತಿನ್ನಲು ಕೂರಿಸುವ ಗಟ್ಟಿ ರಬ್ಬರನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ತುಂಬುತ್ತಾನೆ. ಫೋರ್ಕಿಗೆ ಅಂಟಿಸಿದ ಕಂಪನಿಯ ಪಟ್ಟಿಯ ಅಡಿಯಲ್ಲಿ ಬಿಸಿಲು ಬೀಳದ ಕಡೆ ಮೂಲ ಬಣ್ಣ ಉಳಿದಿರುತ್ತದೆ. ಅದನ್ನು ನೋಡಿಕೊಂಡು ಅದೇ ಬಣ್ಣ ಕಲಸುತ್ತಾನೆ, ನೀರು ಹಾಕಿ ಪಾಲಿಶ್ ಕಾಗದದಿಂದ ತಿಕ್ಕುತ್ತಾನೆ, ಮತ್ತೆ ಬಳಿಯುತ್ತಾನೆ. ಮುಧೋಳ, ಜಮಖಂಡಿಯ ಸೈಕಲ್ ಹುಚ್ಚರೆಲ್ಲ ಅವನನ್ನು “ಜಂಪರ್ ಗಿರಮಲ್ಲಪ್ಪ” ಅನ್ನುತ್ತಾರೆ. ಆ ಹೆಸರು ಕಿವಿಗೆ ಬಿದ್ದರೆ ಸಾಕು, ಆಸಾಮಿ ಊಟ ಬಿಟ್ಟು ಎದ್ದು ಬರುತ್ತಾನೆ.

ಯಲ್ಲಕ್ಕನಿಗೆ ಅದೇ ಉರಿ. “ನಾ ಹುಟ್ಟೂಕಿಂತ ಮೊದ್ಲಿಂದ ಜಂಪರ್ ಅಂದ್ರ ನಮ್ಮ ಹೆಣ್ಮಕ್ಕಳ್ದು. ನಿಮ್ಮ ಕಬ್ಬಿಣ ಬಂದು ನನ್ನ ಶಬ್ದ ನುಂಗೇತಿ. ಇನ್ನೊಂದ್ ಸಲ ಗೊಂದಲ ಆತಂದ್ರ ನೋಡ್ರಿ, ನನ್ನ ಮಷೀನ್ ರಬಕವಿಗೆ ಹೋಗತೈತಿ. ಗೆಳತಿ ರೇಷ್ಮಾನ ಮನಿಯಾಗ ಖೋಲಿ ಖಾಲಿ ಐತಿ.”

ಅವಳು ಹೇಳಿದ್ದನ್ನು ಮಾಡುವವಳೇ. ಗಿರಮಲ್ಲಪ್ಪನಿಗೆ ಹೆದರಿಕೆ ಹತ್ತಿತು. ಮಷೀನಿನ ಟಕಟಕ ಇಲ್ಲದ ಖೋಲಿಯಲ್ಲಿ ಒಬ್ಬನೇ ಕೂತು ಕಬ್ಬಿಣ ತಿಕ್ಕುವುದು ಅವನಿಂದ ಆಗದ ಮಾತು. ಹಾಗಂತ ಬೋರ್ಡು ಅಳಿಸಿದನೇ? ಇಲ್ಲ! ಹಟ ಅಂದರೆ ಹಟ.

ಆ ಮುಂಜಾನೆ ಎರಡು ಗಂಟು ಹೊರಟಿದ್ದವು. ಒಂದು ಗಲಗಲಿಯ ಮದುವೆ ಮನೆಗೆ, ಮದುಮಗಳು ರಾಜಶ್ರೀಯ ಕುಪ್ಪಸ. ಇನ್ನೊಂದು ಮುಧೋಳದ ಪರಮೇಶನಿಗೆ, ಕೆಂಪು ಬಣ್ಣ ಹೊಡೆದ ಫೋರ್ಕು. ಪರಮೇಶ ಸಕ್ಕರೆ ಕಾರ್ಖಾನೆಯ ನೌಕರ, ಸೈಕಲ್ಲಿನ ಹುಚ್ಚ. ಗಂಟುಗಳನ್ನು ಬಸ್ಸಿಗೆ ಹಾಕಲು ಆಟೋದ ಅಪ್ಪಾಸಾಬ ಬಂದಾಗ ಯಲ್ಲಕ್ಕ ಮಷೀನಿನಿಂದ ತಲೆ ಎತ್ತದೆ ಹೇಳಿದಳು: “ಅಣ್ಣಾ, ಜಂಪರ್ ಗಲಗಲಿ ಬಸ್ಸಿಗೆ ಹಾಕು, ಇನ್ನೊಂದು ಮುಧೋಳಕ್ಕ.”

ಅಪ್ಪಾಸಾಬ ಎರಡನ್ನೂ ಎತ್ತಿ ನೋಡಿದ. ಜಂಪರ್ ಯಾವುದು ಅಂತ ಊರಿಗೇ ಗೊತ್ತಿಲ್ಲವೇ? ಭಾರದ್ದನ್ನು ಗಲಗಲಿಗೆ ಕಳಿಸಿದ, ಹಗುರದ್ದನ್ನು ಮುಧೋಳಕ್ಕೆ.

ಮೊದಲು ಫೋನ್ ಬಂದದ್ದು ಮದುಮಗಳ ತಾಯಿ ಗುರುಬಸವ್ವನದು. “ಯಲ್ಲಕ್ಕಾ, ಎಂಥಾ ಜಂಪರ್ ಕಳಿಸೀಯವಾ? ಹುಡುಗೂರು ಹಂದರದಾಗ ಒತ್ತಿ ಒತ್ತಿ ಆಡಾಕತ್ತಾವ. ಇದನ್ನ ಮಗಳ ಮೈಮ್ಯಾಲ ಹೆಂಗ ಹಾಕಲಿ? ಮಧ್ಯಾನ್ನಕ್ಕ ಅಕ್ಕಿಕಾಳು ಹಾಕೂ ಮುಹೂರ್ತ ಐತಿ!”

ಅದು ಮುಗಿಯುವಷ್ಟರಲ್ಲಿ ಪರಮೇಶ, ಪಿಸುಮಾತಿನಲ್ಲಿ: “ಕಾಕಾ, ಸತ್ನೋ! ನಾ ಡ್ಯೂಟಿ ಮ್ಯಾಲ ಇದ್ದೆ, ಗಂಟು ನನ್ನ ಹೇಣ್ತಿ ಅನುರಾಧಾ ಇಸಗೊಂಡಾಳ. ನಿನ್ನೆ ನಾನ ಆಕಿ ಮುಂದ ಹೇಳಿದ್ದೆ, ‘ಕೆಂಪಂದೊಂದು ಜಂಪರ್ ಬರತೈತಿ, ಅದಕ್ಕ ಜೀವಾ ಬಿಡಾಕತ್ತೇನಿ’ ಅಂತ. ಈಗ ಯಾರ್ದು ಹೇಳು ಅಂತ ಬೆನ್ನ ಹತ್ಯಾಳ.”

ಅನುರಾಧಾ ಹೆಂಡತಿಯಲ್ಲ, ವಕೀಲೆ ಆಗಬೇಕಿತ್ತು. ಕುಪ್ಪಸ ಗಲಗಲಿಯ ಮದುಮಗಳದ್ದು ಅಂತ ಗಿರಮಲ್ಲಪ್ಪ ಫೋನಿನಲ್ಲಿ ಹೇಳಿದರೂ, ಅವಳನ್ನು ಕಣ್ಣಾರೆ ನೋಡದೆ ನಂಬುವುದಿಲ್ಲ ಎಂದು ಗಂಡನ ಬೈಕಿನ ಹಿಂದೆ ಹತ್ತಿ, ಕುಪ್ಪಸ ಎದೆಗವಚಿಕೊಂಡು ಗಲಗಲಿಗೆ ಹೊರಟಳು. ಇತ್ತ ಅಪ್ಪಾಸಾಬ ಗಲ್ಲ ಗಲ್ಲ ಬಡಿದುಕೊಂಡು ಗಂಡಹೆಂಡಿರನ್ನು ಆಟೋದಲ್ಲಿ ಕೂರಿಸಿಕೊಂಡ. ದಾರಿಯುದ್ದ ಯಲ್ಲಕ್ಕ ಆಡಿದ್ದು ಒಂದೇ ಮಾತು: “ಅಣ್ಣಾ, ನಾಳಿಗೆ ಮಷೀನ್ ಒಯ್ಯಾಕ ಈ ಆಟೋನ ತಗೊಂಡ್ ಬಾ.”

ಊರಿನವರೆಲ್ಲ ತನ್ನ ಜಂಪರನ್ನೇ ಜಂಪರ್ ಅನ್ನಲಿ ಎಂದು ಗಿರಮಲ್ಲಪ್ಪ ಇಷ್ಟು ವರ್ಷ ಬಯಸಿದ್ದ. ಈಗ ಅನ್ನುತ್ತಿದ್ದರು.

ಗಲಗಲಿಗೆ ಇವರು ಮುಟ್ಟುವಷ್ಟರಲ್ಲಿ ಅನುರಾಧಾ ಬಂದಾಗಿತ್ತು. ರಾಜಶ್ರೀ ಕುಪ್ಪಸ ತೊಟ್ಟು ನಿಂತಿದ್ದಳು, ಯಲ್ಲಕ್ಕ ಓಡಿ ಹೋಗಿ ತೋಳಿನ ಅಂಚಿಗೆ ಎರಡು ಹೊಲಿಗೆ ಹಾಕತೊಡಗಿದಳು. ಪರಮೇಶ ಹುಡುಗರ ಕೈಯಿಂದ ಫೋರ್ಕು ಕಸಿದುಕೊಂಡು ಮಗುವನ್ನು ಎತ್ತಿಕೊಂಡ ಹಾಗೆ ನಿಂತಿದ್ದ. ಮದುಮಗಳ ಅಣ್ಣ ಈಶ್ವರ ಅದನ್ನು ಮುಟ್ಟಿ ನೋಡಿ ಬೆರಗಾದ. “ಏನ್ ಹೊಳಪ್ರೀ! ಜಂಪರ್ ಗಿರಮಲ್ಲಪ್ಪ ಅಂದ್ರ ನೀವ ಏನ್ರಿ?”

ಹಂದರದ ತುಂಬ ಜನ. ಎಲ್ಲರೂ ತಿರುಗಿ ನೋಡಿದರು. ಗಿರಮಲ್ಲಪ್ಪನ ಕಣ್ಣು ಮಾತ್ರ ಹೆಂಡತಿಯ ಬೆನ್ನ ಮೇಲಿತ್ತು. ಅವಳ ಸೂಜಿ ನಿಂತಿತ್ತು.

“ಅಲ್ರಿ,” ಅಂದ. ಹೆಂಡತಿಯ ಕಡೆ ಕೈ ಮಾಡಿದ. “ಜಂಪರ್ ಅನ್ನೂದು ಈಕೀ ಕೆಲಸಾರಿ. ನಾ ಬರೇ ಸೈಕಲ್ ಗಿರಮಲ್ಲಪ್ಪ. ಇದಕ್ಕ ಫೋರ್ಕ್ ಅಂತಾರ.”

ಯಲ್ಲಕ್ಕ ತಿರುಗಲಿಲ್ಲ. ಹಲ್ಲಿನಿಂದ ದಾರ ಕಡಿದು, ಮದುಮಗಳ ತೋಳು ನೇವರಿಸಿದಳು. ಅನುರಾಧಾ ಅವಳ ಮಗ್ಗುಲಿಗೇ ಬಂದು ಕೂತಳು. ಸಂಶಯ ಹೋಗಿ ಈಗ ಆಸೆ ಹುಟ್ಟಿತ್ತು. “ಅಕ್ಕಾರ, ನನಗೂ ಇಂಥಾದ ಒಂದು ಹೊಲಕೊಡ್ರಿ. ಮುಂದಿನ ವಾರ ಅಳತಿ ಕೊಡಾಕ ಎಲ್ಲಿಗೆ ಬರ್ಲಿ? ಮಷೀನ್ ರಬಕವಿಗೆ ಹೊಂಟೈತಿ ಅಂದ ಆಟೋದಾಂವ. ಅಲ್ಲಿಗೇನು?”

ಗಿರಮಲ್ಲಪ್ಪ ಇತ್ತ ಕಿವಿ ಕೊಟ್ಟ.

“ರಬಕವಿಗೆ ಯಾಕವಾ? ಬನಹಟ್ಟಿಗೇ ಬಾ,” ಅಂದಳು ಯಲ್ಲಕ್ಕ. “ಗಿರಮಲ್ಲಪ್ಪನವರ ಅಂಗಡಿ ಅಂತ ಕೇಳು. ಯಾರರ ತೋರಸ್ತಾರ.”

ಗುರುಬಸವ್ವ ಬಾಯಿ ಮೇಲೆ ಕೈ ಇಟ್ಟಳು. “ಅಯ್ಯ! ಒಡಪು ಹಾಕದನ ಗಂಡನ ಹೆಸರ ಹೇಳಿದೆಲ್ಲ ಯಲ್ಲಕ್ಕಾ!” ಹೆಂಗಸರೆಲ್ಲ ಗೊಳ್ಳೆಂದರು. ಲಗ್ನವಾದಾಗಿನಿಂದ ಆ ಹೆಸರು ಅವಳ ಬಾಯಲ್ಲಿ ಬಂದದ್ದೇ ಪ್ರಾಸ ಕಟ್ಟಿ ಹೇಳುವ ಒಡಪಿನಲ್ಲಿ, ಅದೂ ಹೆಂಗಸರು ಬಾಗಿಲು ಅಡ್ಡಗಟ್ಟಿ ಪೀಡಿಸಿದಾಗ. ಯಲ್ಲಕ್ಕನ ಮುಖ ಕೆಂಪಾಯಿತು.

“ಏನಂದಿ?” ಎಂದ ಗಿರಮಲ್ಲಪ್ಪ ಹಂದರದ ಆ ಕಡೆಯಿಂದ. “ಯಾರ ಅಂಗಡಿ? ಸರಿ ಕೇಳಲಿಲ್ಲ, ಇನ್ನೊಮ್ಮೆ ಹೇಳು.”