ಹಂಡೆಯ ಕಂಠದಲ್ಲಿದ್ದ ಹೆಸರು

ಶಿವಾಜಿನಗರದ ನಮ್ಮ ಬಾಡಿಗೆ ಮನೆಯಲ್ಲಿ ನಲ್ಲಿಗೆ ನೀರು ಬರುತ್ತಿದ್ದದ್ದು ಬೆಳಿಗ್ಗೆ ಒಂದೇ ತಾಸು. ಕುಡಿಯಲು ಹಿತ್ತಾಳೆ ಕೊಡ, ಸ್ನಾನಕ್ಕೆ ಅತ್ತೆ ತವರಿನಿಂದ ತಂದಿದ್ದ ತಾಮ್ರದ ಹಂಡೆ. ವರ್ಷಗಟ್ಟಲೆ ಸೀಮೆಎಣ್ಣೆ ಸ್ಟೋವಿನ ಮೇಲೆ ಕುಳಿತು ಅದರ ಹೊರಮೈ ಮಸಿಗಟ್ಟಿತ್ತು. ಒಳಗಷ್ಟೇ ತೊಳೆಯುತ್ತಿದ್ದೆವು.

ತೊಂಬತ್ತರ ದಶಕದ ಕೊನೆಯಲ್ಲಿ ಅದೇ ಊರಿನ ಹೊರವಲಯದ ಕೊಂಢವಾದಲ್ಲಿ ಫ್ಲ್ಯಾಟ್ ಕೊಂಡೆವು. ಅಲ್ಲಿ ಗೀಸರ್ ಇತ್ತು. ಹಂಡೆಯನ್ನು ಪಾತ್ರೆ ಅಂಗಡಿಗೆ ಹಾಕಿಬಿಡೋಣ ಎಂದವಳು ನಾನೇ. ಅತ್ತೆ "ಹೂಂ" ಅಂದರು, ಅಷ್ಟೇ.

ಮನೆ ಬದಲಿಸುವ ಮುಂಚೆ ಒಂದು ಮಧ್ಯಾಹ್ನ, ಮಾರಲೆಂದು ಅದಕ್ಕೆ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕುತ್ತ ಕುಳಿತೆ. ಮಸಿ ಬಿಟ್ಟಂತೆ ಕಂಠದ ಕೆಳಗೆ ಚುಕ್ಕಿಚುಕ್ಕಿಯಾಗಿ ಕೊರೆದ ಕನ್ನಡ ಅಕ್ಷರಗಳು ಕಂಡವು. ಯಾವುದೋ ಹೆಣ್ಣಿನ ಹೆಸರು. ಕೂಡಿಸಿಕೊಂಡು ಗಟ್ಟಿಯಾಗಿ ಓದಿದೆ.

"ಓ... ಬಂದೆ," ಎಂದು ಅಡುಗೆಮನೆಯಿಂದ ದನಿ ಬಂತು.

ಅತ್ತೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದರು. ಯಾರು ಕರೆದರೆಂದು ಸುತ್ತ ನೋಡಿದರು.

"ನೀವ್ಯಾಕ ಓ ಅಂದ್ರಿ?"

"ನನ್ನ ಹೆಸರಲ್ಲೇನವಾ ಅದು," ಎಂದವರು ಅಲ್ಲೇ ಗೋಡೆ ಹಿಡಿದು ಕುಳಿತರು. "ಲಗ್ನದ ದಿನಾ ಅತ್ತಿ ಮನಿಯವರು ತಾಟಿನ್ಯಾಗ ಅಕ್ಕಿ ಹರವಿ ನಂಗ ಬ್ಯಾರೆ ಹೆಸರು ಬರದಿಟ್ರು. ಹಂಡೆ ಮ್ಯಾಲ ಈ ಹೆಸರು ಅಪ್ಪ ಮೊದಲಽ ಹಾಕಿಸಿಬಿಟ್ಟಿದ್ದಾ. ಅವ್ವ ಹ್ವಾದ ಮ್ಯಾಲ ಯಾರೂ ಹಂಗ ಕರದಿಲ್ಲ."

ಒಂಬತ್ತು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿದ್ದೆ. ರೇಷನ್ ಕಾರ್ಡಿನ ಹೆಸರೇ ಅವರದು ಎಂದುಕೊಂಡಿದ್ದೆ. ಸಂಜೆ ಆಫೀಸಿನಿಂದ ಬಂದ ಗಂಡನಿಗೆ ಹೇಳಿದರೆ ಅವರು ನಂಬಲಿಲ್ಲ. ಅಕ್ಷರಗಳ ಮೇಲೆ ಬೆರಳಾಡಿಸಿದರು.

"ಅವ್ವಾ, ನಲವತ್ತಕ್ಕ ಬಂದೇನಿ. ನಿನ್ನ ಹೆಸರಽ ನಂಗ ಗೊತ್ತಿಲ್ಲಲ್ಲ!"

"ನೀ ಕೇಳಿಲ್ಲಪಾ," ಎಂದರು ಅತ್ತೆ, ಸಿಟ್ಟಿಲ್ಲದೆ. ನನ್ನ ಗಂಡ ತಲೆ ತಗ್ಗಿಸಿದರು.

ಹಂಡೆ ಟೆಂಪೊದಲ್ಲಿ ನಮ್ಮ ಜೊತೆಗೇ ಕೊಂಢವಾಕ್ಕೆ ಬಂತು. ಹೊಸ ಕಟ್ಟಡದಲ್ಲಿ ನೀರು ಇನ್ನೂ ಕಷ್ಟವಾಗಿದ್ದರಿಂದ ಅದನ್ನು ತುಂಬಿಸಿ ಬಾಲ್ಕನಿಯಲ್ಲಿಟ್ಟೆವು. ಮೊದಲ ವಾರ, ನಾವಿಬ್ಬರೇ ಇದ್ದಾಗ, ಅತ್ತೆ ಅಕ್ಕಿ ಆರಿಸುತ್ತ ಕೇಳಿದರು:

"ಅವತ್ತ ಓದಿದ್ಯಲ್ಲ, ಇನ್ನೊಮ್ಮೆ ಅನ್ನು ನೋಡೂಣು."

ಹಿರಿಯರನ್ನು ಹೆಸರು ಹಿಡಿದು ಕರೆದು ನನಗೆ ಅಭ್ಯಾಸವಿಲ್ಲ. ಅವರು ಕಾದರು. ಕೊನೆಗೆ ಆ ಹೆಸರು ಹೇಳಿದೆ, ಬಹಳ ಮೆಲ್ಲಗೆ.